ದವಡೆ ಹಲ್ಲು ಮತ್ತು ಬೆರಕೆ ಸೊಪ್ಪು

ಮಂಡಿಯಲ್ಲಿ ಶೇಂಗಾ ಬೀಜವೊಂದನ್ನು ಬಾಯಿಗೆ ಹಾಕಿ ಕಚ್ಚಿದೆ. ‘ಕಟ್’ ಎಂದಿತು. ಬೀಜ ಹಾಗೇ ಇತ್ತು.

ಕಟ್ ಎಂದದ್ದು ನನ್ನ ಹಲ್ಲು.

ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವವನಿಗೆ ದವಡೆ ಹಲ್ಲು ಬರೀ ಊಟದ ಸಾಮಾನಲ್ಲ. ಚೀಲದೊಳಗೆ ಕೈ ಬಿಟ್ಟು, ನಾಲ್ಕು ಕಾಯಿ ಸುಲಿದು, ಒಂದು ಬೀಜವನ್ನು ಬಲಗಡೆಯ ಕೆಳ ದವಡೆಯ ಮೇಲಿಟ್ಟು ಒತ್ತಿದರೆ ಮಾಲು ಎಷ್ಟು ಒಣಗಿದೆ, ಮೇಲೆ ನೀರು ಚಿಮುಕಿಸಿದ್ದಾರೋ ಇಲ್ಲವೋ, ಎಲ್ಲ ತಿಳಿಯುತ್ತದೆ. ನನ್ನ ಮಗ ಮಂಜುನಾಥ ತೇವ ಅಳೆಯುವ ಮೀಟರ್ ತಂದಿಟ್ಟಿದ್ದಾನೆ. ಅದಕ್ಕೆ ಬ್ಯಾಟರಿ ಬೇಕು. ನನ್ನ ಹಲ್ಲಿಗೆ ಏನೂ ಬೇಕಿರಲಿಲ್ಲ. ಹೀಗೆಂದು ಅವನ ಮುಂದೆ ಎಷ್ಟು ಸಲ ಜಂಬ ಕೊಚ್ಚಿದ್ದೆನೆಂದರೆ, ಆ ದಿನ ನೋವು ಕಿವಿಯವರೆಗೆ ಹೋದರೂ ಮುಖ ಗಂಟಿಕ್ಕದೆ, “ಮಾಲು ಚೆನ್ನಾಗಿ ಒಣಗೈತೆ” ಎಂದುಬಿಟ್ಟೆ. ಚೀಲದ ಒಡೆಯ ಖುಷಿಯಾಗಿ ಹೋದ.

ನೋವನ್ನು ಮುಚ್ಚಿಟ್ಟದ್ದಕ್ಕೆ ಜಂಬ ಒಂದೇ ಕಾರಣವಲ್ಲ. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ನನಗೆ ಹೃದಯದ ಆಪರೇಷನ್ ಆಗಿ, ಕೆಟ್ಟುಹೋದ ಒಂದು ವಾಲ್ವಿನ ಜಾಗದಲ್ಲಿ ಲೋಹದ ವಾಲ್ವು ಕೂರಿಸಿದ್ದಾರೆ. ಅದಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳದಿರಲೆಂದು ಜೀವ ಇರುವವರೆಗೂ ಒಂದು ಮಾತ್ರೆ. ರಕ್ತ ತೆಳು ಮಾಡುವ ಮಾತ್ರೆ. ಅಂಥ ಮಾತ್ರೆ ತಿನ್ನುವವನ ಹಲ್ಲು ಕಿತ್ತರೆ ರಕ್ತ ನಿಲ್ಲುವುದೇ ಇಲ್ಲ ಎಂದು ಮಂಡಿಯಲ್ಲಿ ಯಾರೋ ಹೇಳಿದ್ದರು. ಮಂಡಿಯಲ್ಲಿ ಶೇಂಗಾ ಬಗ್ಗೆ ಹೇಳುವುದನ್ನು ನಾನು ಅರ್ಧವೂ ನಂಬುವುದಿಲ್ಲ. ಇದನ್ನು ಪೂರ್ತಿ ನಂಬಿದೆ.

ಹಾಗಾಗಿ ಮುದ್ದೆಯ ಮೊರೆ ಹೋದೆ.

ಹಲ್ಲು ನೋವಿರುವವನಿಗೆ ಮುದ್ದೆಯಂಥ ಅಡಗುತಾಣ ಇನ್ನೊಂದಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಚಪಾತಿ ಬಿಟ್ಟೆ, ರೊಟ್ಟಿ ಬಿಟ್ಟೆ, ಮೂರು ಹೊತ್ತೂ ಮುದ್ದೆ ನುಂಗಿದೆ. ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನನ್ನ ಹೆಂಡತಿ ಗಿರಿಜಾಳಂತೂ ಪಕ್ಕದ ಮನೆಯವರಿಗೆ, “ನಮ್ಮೋರಿಗೆ ಈಗ ಬುದ್ಧಿ ಬಂದೈತೆ, ಹಳೇ ಊಟಕ್ಕೆ ಬಂದವ್ರೆ” ಎಂದು ಹೇಳಿಕೊಂಡು ಓಡಾಡಿದಳು.

ಒಂದು ಬೆಳಗ್ಗೆ ಬೇಸಿನ್ನಿನಲ್ಲಿ ಹಲ್ಲುಜ್ಜಿ ಉಗುಳಿದೆ. ಕೆಂಪಗಿತ್ತು. ಗಿರಿಜಾ ಟವೆಲ್ ಹಿಡಿದು ಹಿಂದೆಯೇ ನಿಂತಿದ್ದಳು.

“ಏನ್ರೀ ಅದು? ರಕ್ತ!”

“ಏನಿಲ್ಲ ಕಣೆ. ರಕ್ತ ತೆಳು ಮಾಡೋ ಮಾತ್ರೆ ತಗಂತೀನಲ್ಲ, ಅದಕ್ಕೇ ಹಂಗೆ.”

“ರಕ್ತ ತೆಳು ಮಾಡೋದಾ? ಹಾರ್ಟಿನ ಮಾತ್ರೆ ಅಂದಿದ್ರಿ?”

“ಎರಡೂ ಒಂದೇ.”

ಅವಳು ಮುಂದೆ ಮಾತಾಡಲಿಲ್ಲ. ಗಿರಿಜಾ ಮಾತಾಡಲಿಲ್ಲವೆಂದರೆ ನಾನು ಅಲ್ಲೇ ಎಚ್ಚರಗೊಳ್ಳಬೇಕಿತ್ತು.

ಅವಳು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು. ಆ ಮನೆಯಲ್ಲಿ ‘ತೆಳು’ ಎನ್ನುವುದು ಬೈಗುಳ. ಮಗ್ಗದಿಂದ ಬಂದ ಸೀರೆಯನ್ನು ನನ್ನ ಮಾವನವರು ಅಂಗೈ ಮೇಲೆ ತೂಗಿ, ಅಂಚನ್ನು ಎರಡು ಬೆರಳ ನಡುವೆ ಉಜ್ಜಿ, “ತೆಳು” ಎಂದು ಪಕ್ಕಕ್ಕಿಟ್ಟರೆ ಆ ಸೀರೆಯ ಕತೆ ಮುಗಿಯಿತು. ತೆಳು ಎಂದರೆ ನೂಲಿನಲ್ಲಿ ಮೋಸವಾಗಿದೆ, ಎರಡು ಮದುವೆಗೆ ಉಟ್ಟರೆ ಸೀರೆ ಪಿಸಿಯುತ್ತದೆ ಎಂದರ್ಥ. ಅಂಥ ಮನೆಯ ಮಗಳಿಗೆ, ನಿನ್ನ ಗಂಡನ ರಕ್ತ ತೆಳುವಾಗಿದೆ, ಅದನ್ನು ಇನ್ನೂ ತೆಳು ಮಾಡಲು ದಿನಾ ಮಾತ್ರೆ ಕೊಡುತ್ತಿದ್ದಾರೆ ಎಂದು ಬಾಯಲ್ಲಿ ಪೇಸ್ಟ್ ಇಟ್ಟುಕೊಂಡು ಹೇಳಿಬಿಟ್ಟಿದ್ದೆ.

ಅದೇ ವಾರ ತವರಿಗೆ ಹೊರಟಳು. ನನ್ನನ್ನೂ ಹೊರಡಿಸಿದಳು. “ನಾಲ್ಕು ದಿನ ಇದ್ದು ಬರೋಣ, ನಿಮಗೂ ಗಾಳಿ ಬದಲಾಗ್ತೈತೆ” ಎಂದಳು. ಮೊಳಕಾಲ್ಮೂರಿನಲ್ಲಿ ಗಾಳಿ ಬದಲಾದದ್ದು ನನಗೆ ಗೊತ್ತಾಗಲಿಲ್ಲ. ಊಟ ಬದಲಾದದ್ದು ಗೊತ್ತಾಯಿತು. ಅಂದರೆ, ಮುದ್ದೆಯ ಪಕ್ಕಕ್ಕೆ ಸೊಪ್ಪು ಬಂತು. ಸೊಪ್ಪಿನ ಪಕ್ಕಕ್ಕೆ ಇನ್ನೊಂದು ಸೊಪ್ಪು ಬಂತು.

ನನ್ನ ಬಾಮೈದ ತಿಪ್ಪೇಸ್ವಾಮಿಯ ಹೊಲ ಕೊಂಡ್ಲಹಳ್ಳಿ ಕಡೆ ಇದೆ. ಅಲ್ಲಿ ಬದುವಿನ ಮೇಲೆ ತಾವಾಗಿ ಬೆಳೆದ ಸೊಪ್ಪನ್ನೆಲ್ಲ, ಅಣ್ಣೆ, ಗೋಣಿ, ದಂಟು, ಕಿರಕಸಾಲೆ ಎಂದು ಭೇದವೆಣಿಸದೆ ಒಟ್ಟಿಗೆ ಕಿತ್ತು ತರುತ್ತಾರೆ. ಅದೇ ಬೆರಕೆ ಸೊಪ್ಪು. ಬೇಯಿಸಿ, ಮಸೆದು, ಒಗ್ಗರಣೆ ಕೊಟ್ಟರೆ ಹಲ್ಲಿಲ್ಲದವನಿಗೂ ಸ್ವರ್ಗ. ನಾನು ಬಟ್ಟಲು ಬಟ್ಟಲು ಹೊಡೆದೆ. ಬಡಿಸುತ್ತಿದ್ದ ಅಕ್ಕ ತಮ್ಮ ಇಬ್ಬರೂ ನನ್ನನ್ನು ನೋಡಿ ತೆಲುಗಿಗೆ ಇಳಿದರು. ಆ ಗಡಿಯ ಮನೆಗಳಲ್ಲಿ ಲೆಕ್ಕ ಕನ್ನಡದಲ್ಲಿ, ಮರುಕ ತೆಲುಗಿನಲ್ಲಿ. “ಪಾಪಂ, ರಕ್ತಂ ಅಂತಾ ನೀಳ್ಳೇ ಅಂಟ” ಎಂದು ತಿಪ್ಪೇಸ್ವಾಮಿ ನಿಟ್ಟುಸಿರು ಬಿಟ್ಟ. ನನ್ನ ರಕ್ತವೆಲ್ಲ ನೀರಾಗಿದೆಯಂತೆ. ಹೀಗೆ ಮರುಕಪಟ್ಟವನು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದ. ನಾನು ಬೇಡವೆನ್ನಲಿಲ್ಲ.

ಚಳ್ಳಕೆರೆಗೆ ವಾಪಸು ಬಂದ ಮೇಲೂ ಸೊಪ್ಪು ನಿಲ್ಲಲಿಲ್ಲ. ತಿಪ್ಪೇಸ್ವಾಮಿ ಬಸ್ಸಿನವರ ಕೈಯಲ್ಲಿ ಗಂಟು ಕಟ್ಟಿ ಕಳಿಸುತ್ತಿದ್ದ. ಮಂಜುನಾಥ ಅಂಗಡಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡು ಬರುತ್ತಿದ್ದ. ಬೆಳಗ್ಗೆ ನುಗ್ಗೆಸೊಪ್ಪಿನ ರಸ, ಮಧ್ಯಾಹ್ನ ಮಸ್ಸೊಪ್ಪು, ರಾತ್ರಿ ಪಲ್ಯ. ಇಷ್ಟು ಪ್ರೀತಿ ಈ ವಯಸ್ಸಿನಲ್ಲಿ ಯಾಕೆ ಉಕ್ಕುತ್ತಿದೆ ಎಂದು ನಾನು ಕೇಳಲಿಲ್ಲ. ಸಿಕ್ಕಿದ್ದನ್ನು ನುಂಗುತ್ತಾ ಹೋದೆ.

ಆದರೆ ಹಲ್ಲು ನನ್ನ ಮಾತು ಕೇಳಲಿಲ್ಲ. ಒಂದು ದಿನ ಕೆನ್ನೆ ಊದಿತು. ಗುಟ್ಟು ರಟ್ಟಾಯಿತು.

ತಿಪ್ಪೇಸ್ವಾಮಿ ಫೋನಿನಲ್ಲೇ ಚಿಕಿತ್ಸೆ ಶುರು ಮಾಡಿದ. “ಭಾವ, ಹಲ್ಲು ಕೀಳ್ಸೋಕೆ ಮುಂಚೆ ಆ ರಕ್ತದ ಮಾತ್ರೆ ಒಂದು ವಾರ ಬಿಟ್ಬಿಡ್ರಿ. ಎಲ್ರೂ ಹಂಗೇ ಮಾಡೋದು.” ಸ್ಪೀಕರ್ ಹಾಕಿದ್ದರಿಂದ ಮನೆಯವರೆಲ್ಲ ಕೇಳಿಸಿಕೊಂಡರು. ನಾನು ಹೂಂ ಅಂದೆ. ಅವನಿಗೆ ಹೂಂ ಅನ್ನದಿದ್ದರೆ ಫೋನ್ ಇಡುವುದಿಲ್ಲ. ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಶಿವನಾಣೆಗೂ ಬಿಡಲಿಲ್ಲ.

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕ್ಲಿನಿಕ್ಕು ಮಹಡಿಯ ಮೇಲೆ. ನನ್ನನ್ನು ನೋಡಿದೊಡನೆ, “ಬನ್ನಿ ಅಜ್ಜ” ಎಂದಳು. ಅರವತ್ತಾರಕ್ಕೆ ಅಜ್ಜ. ಕುರ್ಚಿಯಲ್ಲಿ ಒರಗಿಸಿ, ಲೈಟು ಹಾಕಿ, ಕನ್ನಡಿ ಕಡ್ಡಿಯಿಂದ ನೋಡಿ ಹೇಳಿದಳು. ಹಲ್ಲು ಸೀಳಿದೆ. ಬುಡದಲ್ಲಿ ಇನ್ಫೆಕ್ಷನ್ ಆಗಿದೆ. ಕೀಳಲೇಬೇಕು. ಬಿಟ್ಟರೆ ಆ ಇನ್ಫೆಕ್ಷನ್ ರಕ್ತದಲ್ಲಿ ಸೇರಿ ವಾಲ್ವಿಗೇ ಹೋಗಿ ಕೂರಬಹುದು.

“ಹಂಗಾದ್ರೆ ಮಾತ್ರೆ ನಿಲ್ಲಿಸ್ಬೇಕಾ?” ಎಂದ ಮಂಜುನಾಥ.

“ಅಯ್ಯೋ, ಮುಟ್ಟಬೇಡಿ ಅದನ್ನ. ಮಾತ್ರೆ ನಡೀತಾ ಇರ್ಲಿ, ಹೊಲಿಗೆ ಹಾಕಿ ರಕ್ತ ನಿಲ್ಲಿಸ್ತೀನಿ. ಮೊದಲು ಒಂದು ಐಎನ್ಆರ್ ಟೆಸ್ಟ್ ಮಾಡಿಸ್ಕೊಂಡು ಬನ್ನಿ. ರಕ್ತ ಜಾಸ್ತಿ ತೆಳು ಇದ್ರೆ ಕಷ್ಟ, ಅದಕ್ಕೆ ನೋಡ್ಬೇಕು.”

ರಕ್ತ ಎಷ್ಟು ತೆಳುವಿದೆ ಎಂದು ಅಳೆಯುವ ಈ ಐಎನ್ಆರ್ ಟೆಸ್ಟನ್ನು ನಾನು ತಿಂಗಳು ತಿಂಗಳು ಮಾಡಿಸಬೇಕು. ಮೊಳಕಾಲ್ಮೂರು, ಸೊಪ್ಪು, ಹಲ್ಲು ನೋವು ಎಂದು ಆ ತಿಂಗಳದ್ದು ತಪ್ಪಿತ್ತು. ಅಂಕಿ ಏರಿದಷ್ಟೂ ರಕ್ತ ತೆಳು; ನನ್ನದು ಎರಡೂವರೆಯ ಮೇಲಿರಬೇಕು. ಮಂಡಿಯವರ ಮಾತು ಕೇಳಿದ್ದ ನಾನು ಅದು ಆರೋ ಏಳೋ ಆಗಿದ್ದು, ಹಲ್ಲು ಕೀಳುವಾಗ ರಕ್ತವೆಲ್ಲ ಹರಿದು ಬರಿದಾಗುವ ದೃಶ್ಯವನ್ನು ಕಣ್ಣಮುಂದೆ ತಂದುಕೊಂಡಿದ್ದೆ.

ರಿಪೋರ್ಟ್ ಬಂತು. ಒಂದು ಪಾಯಿಂಟ್ ಮೂರು.

ತೆಳುವಲ್ಲ. ಗಟ್ಟಿ. ಮಾತ್ರೆಯನ್ನೇ ತಿನ್ನದವನ ರಕ್ತ.

ಮನೆಯ ನಡುಮನೆಯಲ್ಲಿ ನನ್ನ ವಿಚಾರಣೆ ನಡೆಯಿತು. “ತಿಪ್ಪೇಸ್ವಾಮಿ ಮಾವ ಹೇಳಿದ್ಕೆ ನೀನು ಹೂಂ ಅಂದಿದ್ದು ನಾನೇ ಕೇಳೀನಿ” ಎಂದ ಮಗ. ನಾನು ಖಾಲಿ ಮಾತ್ರೆ ಪಟ್ಟಿ ತೋರಿಸಿದೆ. “ಕಸದ ಬುಟ್ಟಿಗೆ ಹಾಕಿರ್ತೀಯ” ಎಂದ. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು, “ಜೀವದ ಮೇಲೆ ಆಸೆ ಇಲ್ಲೇನ್ರೀ ನಿಮಗೆ? ನಾನು ಇಷ್ಟು ಒದ್ದಾಡ್ತಾ ಇದೀನಿ” ಎಂದಳು. ಯಾವುದಕ್ಕೆ ಒದ್ದಾಡುತ್ತಿದ್ದಳೆಂದು ಆಗ ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಸಿಟ್ಟಿನಲ್ಲಿ ಊಟ ಬಿಟ್ಟು ಮಲಗಿದೆ. ಅವಳು ಎಬ್ಬಿಸಿ ಪಲ್ಯ ತಿನ್ನಿಸಿದಳು.

ಮರುದಿನ ಮೂವರೂ ರಿಪೋರ್ಟ್ ಹಿಡಿದು ಮಹಡಿ ಹತ್ತಿದೆವು.

“ಅಜ್ಜ, ನಿಜ ಹೇಳಿ. ಮಾತ್ರೆ ಬಿಟ್ಟಿದ್ರಾ?”

“ಇಲ್ಲಮ್ಮ.”

“ಸುಳ್ಳು, ಡಾಕ್ಟ್ರಮ್ಮ” ಎಂದಳು ಗಿರಿಜಾ. ನನ್ನ ಪರವಾಗಿ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಡಾಕ್ಟರಮ್ಮ ಮತ್ತೆ ನನ್ನ ಬಾಯಿ ತೆರೆಸಿದಳು. ಕನ್ನಡಿ ಒಳಗೆ ಹೋಯಿತು. “ಈ ಹಲ್ಲಿಟ್ಕೊಂಡು ಇಷ್ಟು ದಿನ ಊಟ ಹೆಂಗೆ ಮಾಡಿದ್ರಿ?”

ನಾನು ‘ಆ ಆ’ ಎಂದೆ. ಗಿರಿಜಾ ಅನುವಾದಿಸಿದಳು. “ಮುದ್ದೆ ಡಾಕ್ಟ್ರಮ್ಮ. ಮುದ್ದೆಗೆ ಬೆರಕೆ ಸೊಪ್ಪಿನ ಸಾರು. ಬೆಳಗ್ಗೆ ಎದ್ದ ತಕ್ಷಣ ನುಗ್ಗೆಸೊಪ್ಪಿನ ರಸ ಒಂದು ಲೋಟ. ರಾತ್ರಿ ಹೊನಗನ್ನೆ ಪಲ್ಯನೋ, ಮೆಂತ್ಯದ ಸೊಪ್ಪೋ. ಸೊಪ್ಪಿಗೇನೂ ಕಮ್ಮಿ ಮಾಡಿಲ್ಲ. ನಮ್ಮ ತಮ್ಮ ಮೊಳಕಾಲ್ಮೂರಿಂದ ಬಸ್ಸಿಗೆ ಹಾಕ್ತಾನೆ.”

ಕನ್ನಡಿ ನನ್ನ ಬಾಯೊಳಗೇ ನಿಂತುಬಿಟ್ಟಿತು.

“ಯಾಕಮ್ಮ ಅಷ್ಟೊಂದು ಸೊಪ್ಪು?”

“ಇನ್ಯಾಕೆ? ಇವರ ರಕ್ತ ತೆಳ್ಳಗಾಗೈತಲ್ಲ, ಗಟ್ಟಿ ಆಗ್ಲಿ ಅಂತ.”

ಡಾಕ್ಟರಮ್ಮ ಮಾಸ್ಕ್ ಕೆಳಗಿಳಿಸಿದಳು. ನಗಬೇಕೋ ಹೆದರಬೇಕೋ ಅವಳಿಗೂ ಗೊತ್ತಾಗಲಿಲ್ಲ. ದಾವಣಗೆರೆಯಲ್ಲಿ ನನ್ನನ್ನು ನೋಡುವ ಹೃದಯದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಹಚ್ಚಿ ಎಲ್ಲ ಹೇಳಿದಳು. ಅವರ ದನಿ ಸ್ಪೀಕರಿನಲ್ಲಿ ಬಂತು. “ಅಮ್ಮ, ಆ ಮಾತ್ರೆ ಏನು ಮಾಡುತ್ತೋ ಅದಕ್ಕೆ ಪೂರಾ ಉಲ್ಟಾ ಕೆಲಸ ಮಾಡೋ ವಿಟಮಿನ್ನು ಸೊಪ್ಪಲ್ಲಿದೆ. ನಾನು ತೆಳು ಮಾಡೋಕೆ ಮಾತ್ರೆ ಕೊಡ್ತಾ ಇದೀನಿ, ನೀವು ಗಟ್ಟಿ ಮಾಡೋಕೆ ಸೊಪ್ಪು ಕೊಡ್ತಾ ಇದೀರಿ. ಯಜಮಾನ್ರು ಯಾರ ಮಾತು ಕೇಳ್ಬೇಕು ಹೇಳಿ?” ಎಂದರು. ಆಮೇಲೆ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಈ ರಕ್ತಕ್ಕೆ ವಾಲ್ವಿನ ಮೇಲೆ ಹೆಪ್ಪು ಕಟ್ಟಿರಬಹುದು. ಕಟ್ಟಿದ್ದರೆ ವಾಲ್ವು ಕಚ್ಚಿಕೊಳ್ಳಬಹುದು, ಇಲ್ಲವೇ ಒಂದು ಚೂರು ಮಿದುಳಿಗೆ ಹೋಗಬಹುದು. ಹಲ್ಲು ಆಮೇಲೆ. ಈಗಲೇ ಹೊರಡಿ, ಎಕೋ ಮಾಡಿ ವಾಲ್ವನ್ನು ಪರದೆಯ ಮೇಲೆ ನೋಡಬೇಕು.

ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಡಿಸ್ಚಾರ್ಜ್ ದಿನ ಡಾಕ್ಟರು ಊಟದ ವಿಷಯ ಹೇಳುವಾಗ ಸೊಪ್ಪಿನ ಮಾತೂ ಬಂದಿತ್ತಂತೆ. ಮಂಜುನಾಥ ಈಗ ನೆನಪು ಮಾಡಿಕೊಂಡ. ಆದರೆ ಅದಕ್ಕೆ ಮೊದಲು ಅವರು, “ಎಣ್ಣೆ ಪೂರ್ತಿ ಕಮ್ಮಿ ಮಾಡಿ” ಎಂದಿದ್ದರು. ಎಣ್ಣೆ ಮಿಲ್ಲುಗಳ ಊರಿನವನಿಗೆ ಆ ಮಾತು ಹೇಳಿದ ಮೇಲೆ ಮುಂದಿನದು ಕಿವಿಗೆ ಬೀಳುವುದೆಂತು?

ದಾವಣಗೆರೆಯ ದಾರಿಯಲ್ಲಿ ನಾನು ನಿರಪರಾಧಿಯಾಗಿ ಕೂತಿದ್ದೆ. ಮಾತ್ರೆ ಬಿಟ್ಟಿಲ್ಲವೆಂಬುದು ಸಾಬೀತಾಗಿತ್ತು. ಮಗ ಕ್ಷಮೆ ಕೇಳುವಂತೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ. ಬೇರೆ ದಿನವಾಗಿದ್ದರೆ ಈ ಗೆಲುವನ್ನು ವರ್ಷಗಟ್ಟಲೆ ಆಡಿಕೊಂಡು ತಿರುಗುತ್ತಿದ್ದೆ. ಅಂದು ನನಗೆ ಭಯವಾಗಿತ್ತು. ಕೈ ಆಡಿಸಿ ನೋಡಿಕೊಂಡೆ, ಕಾಲು ಆಡಿಸಿ ನೋಡಿಕೊಂಡೆ, ಮಾತು ತೊದಲುತ್ತದೇನೋ ಎಂದು ರಸ್ತೆ ಬದಿಯ ಬೋರ್ಡುಗಳನ್ನು ಮನಸ್ಸಿನಲ್ಲೇ ಓದಿದೆ. ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಚಿತ್ರದುರ್ಗ ದಾಟಿದ ಮೇಲೆ ಒಂದೇ ಮಾತು ಹೇಳಿದಳು.

“ನಾನೇ ಕೊಲ್ತಿದ್ನೇನ್ರೀ?”

“ಸಾರು ಮಾತ್ರ ಚೆನ್ನಾಗಿತ್ತು” ಎಂದೆ. ಅವಳು ಅತ್ತಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಿತ್ತು.

ಎಕೋ ಕೋಣೆಯಲ್ಲಿ ಡಾಕ್ಟರು ಪರದೆ ನೋಡುತ್ತಾ ಯಂತ್ರದ ಹಿಡಿಯನ್ನು ನನ್ನ ಎದೆಯ ಮೇಲೆ ಅತ್ತಿತ್ತ ಸರಿಸಿದರು. ನನ್ನ ಎದೆಗೆ ಹಚ್ಚಿದ ಅಂಟು ತಣ್ಣಗಿತ್ತು.

“ವಾಲ್ವು ಚೆನ್ನಾಗಿ ಆಡ್ತಾ ಇದೆ” ಎಂದರು ಕೊನೆಗೆ. “ಹೆಪ್ಪು ಕಾಣ್ತಿಲ್ಲ. ನಿಮ್ಮ ಅದೃಷ್ಟ.”

ರಕ್ತ ಮತ್ತೆ ತೆಳುವಾಗುವವರೆಗೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡೆ. ಹಲ್ಲಿನ ಇನ್ಫೆಕ್ಷನ್ನಿಗೆ ಬೇರೆ ಮಾತ್ರೆ ನಡೆಯಿತು. ಕೆನ್ನೆ ಇಳಿಯಿತು. ಸೊಪ್ಪನ್ನು ಪೂರ್ತಿ ಬಿಡಬೇಕಿಲ್ಲ, ಆದರೆ ದಿನಾ ಒಂದೇ ಅಳತೆ ಇರಬೇಕು, ಒಂದು ದಿನ ಹಬ್ಬ ಒಂದು ದಿನ ಉಪವಾಸ ಆಗಬಾರದು ಎಂದಿದ್ದರು ಡಾಕ್ಟರು. ಆ ಮಾತನ್ನು ಗಿರಿಜಾ ಮಂತ್ರದ ಹಾಗೆ ಹಿಡಿದಳು. ಸಣ್ಣ ಬಟ್ಟಲಿಗೆ ಪಲ್ಯ ಹಾಕಿ, ಚಮಚದ ಬೆನ್ನಿನಿಂದ ಮಟ್ಟಸ ಮಾಡಿ, ಮೇಲೆ ಉಳಿದ ಒಂದು ಎಲೆಯನ್ನೂ ವಾಪಸು ತೆಗೆಯುತ್ತಾಳೆ. ತಿಪ್ಪೇಸ್ವಾಮಿಗೆ ಫೋನ್ ಮಾಡಿ, “ಇನ್ಮೇಲೆ ಒಂದು ಕಡ್ಡಿ ಸೊಪ್ಪು ಕಳಿಸಿದ್ರೆ ನೋಡು” ಎಂದು ಗದರಿದಳು. ಅವನು ಪಾಪ, ತನ್ನ ಅಕ್ಕನಿಗೂ ಭಾವನಿಗೂ ಜಗಳವಾಗಿದೆ ಎಂದು ತಿಳಿದು ಸಂಧಾನಕ್ಕೆ ಹೊರಟಿದ್ದನಂತೆ.

ಹಲ್ಲು ಕೀಳುವ ದಿನ ಬಂತು. ಐಎನ್ಆರ್ ಎರಡೂವರೆ ಮುಟ್ಟಿತ್ತು. ಮಾತ್ರೆ ನಿಲ್ಲಿಸಿರಲಿಲ್ಲ. ವಾಲ್ವಿನ ರಕ್ಷಣೆಗೆ ಆಂಟಿಬಯೋಟಿಕ್ ಅನ್ನು ಮೊದಲೇ ನುಂಗಿಸಿದ್ದರು. ಇನ್ನೇನು ಪ್ರಳಯವಾಗುತ್ತದೆ ಎಂದು ಕಣ್ಣು ಮುಚ್ಚಿ ಕೂತೆ. ಚುಚ್ಚಿದರು, ಮರಗಟ್ಟಿತು, ಯಾರೋ ಅಲುಗಾಡಿಸಿದ ಹಾಗಾಯಿತು. ಹೊಲಿಗೆ ಹಾಕಿದರು. “ಆಯ್ತು ಅಜ್ಜ” ಎಂದಳು ಡಾಕ್ಟರಮ್ಮ. ನಾನು ನಂಬಲಿಲ್ಲ. ಹಲ್ಲು ತೋರಿಸಿದಳು. ಅಷ್ಟು ದಿನ ಮಂಡಿಯನ್ನು ಆಳಿದ ಹಲ್ಲು ಇಷ್ಟೇನಾ ಎನ್ನಿಸಿತು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತ ಸ್ವಲ್ಪ ಒಸರಿತು, ನಿಂತಿತು. ಗಾಯ ಮಾಯಿತು. ನೋವಿಗೆ ಡಾಕ್ಟರು ಹೇಳಿದ ಪ್ಯಾರಾಸಿಟಮಾಲ್ ಬಿಟ್ಟು ಮೆಡಿಕಲ್ ಶಾಪಿನವನು ಕೊಡಲು ಬಂದ ಬೇರೆ ಗುಳಿಗೆ ಮುಟ್ಟಲಿಲ್ಲ. ಈಗ ತಿಂಗಳ ಟೆಸ್ಟ್ ತಪ್ಪಿಸುವುದಿಲ್ಲ. ಬೀಜ ನೋಡುವುದು ಎಡಗಡೆಯ ಹಲ್ಲಿನಲ್ಲಿ. ಅದು ಇನ್ನೂ ಕಲಿಯುತ್ತಿದೆ, ಅದಕ್ಕೇ ಮಗ ಕಾಣದ ಹಾಗೆ ಮೀಟರಿನ ಕಡೆಗೂ ಒಂದು ಕಣ್ಣು ಹಾಕುತ್ತೇನೆ. ಉಳಿದ ಹಲ್ಲುಗಳು ಎಷ್ಟು ದಿನವೋ, ವಾಲ್ವು ಎಷ್ಟು ದಿನವೋ, ಯಾರು ಕಂಡಿದ್ದಾರೆ? ಇರುವಷ್ಟು ದಿನ ಇರಲಿ ಎಂದು ಬೆಳಗ್ಗೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜುತ್ತೇನೆ.

ಆದರೆ ಈ ಕಾಯಿಲೆಯಲ್ಲಿ ನನಗೆ ಸಿಕ್ಕಿದ್ದು ಆ ದಿನ, ಹಲ್ಲು ಕಿತ್ತ ಮೇಲೆ, ಹೊರಗಿನ ಬೆಂಚಿನ ಮೇಲೆ.

“ಹತ್ತಿ ಗಟ್ಟಿಯಾಗಿ ಕಚ್ಕೊಂಡು ಒಂದು ಗಂಟೆ ಇಲ್ಲೇ ಕೂತಿರಿ. ಮಾತಾಡಬಾರದು, ಉಗುಳಬಾರದು” ಎಂದು ಡಾಕ್ಟರಮ್ಮ ಕೂರಿಸಿದ್ದಳು. ಮದುವೆಯಾದಾಗಿನಿಂದ ಗಿರಿಜಾಳಿಗೆ ಎದುರು ಮಾತಾಡದೆ ನಾನು ಒಂದು ಗಂಟೆ ಕೂತದ್ದು ಅದೇ ಮೊದಲು. ಸುತ್ತ ಹಲ್ಲು ನೋವಿನವರು ಕೆನ್ನೆ ಹಿಡಿದು ಕೂತಿದ್ದರು. ಗಿರಿಜಾ ಪಕ್ಕದಲ್ಲಿದ್ದಳು. ಮೊದಮೊದಲು ಹತ್ತಿ ಕೆಂಪಾಯಿತಾ ಎಂದು ಬಗ್ಗಿ ಬಗ್ಗಿ ನೋಡಿದಳು. ಆಮೇಲೆ, ನಾನು ಉತ್ತರ ಕೊಡಲಾರೆನೆಂಬುದು ಗೊತ್ತಾಗಿಯೋ ಏನೋ, ಮೆಲ್ಲಗೆ ಶುರು ಮಾಡಿದಳು.

“ಆಪರೇಷನ್ ಆದಾಗಿಂದ ನಿಮ್ಮ ಎದೇಲಿ ಟಿಕ್ ಟಿಕ್ ಅಂತೈತಲ್ಲ, ಆ ವಾಲ್ವಿಂದು. ನಿಮಗೆ ರೂಢಿಯಾಗೈತೆ, ಕೇಳ್ಸಲ್ಲ. ನಾನು ದಿನಾ ಅದನ್ನ ಕೇಳ್ಕಂತಾನೇ ಮಲಗೋದು. ಒಂದೊಂದ್ಸಲ ನೀವು ಆ ಕಡೆ ಹೊಳ್ಳಿದ್ರೆ ಕೇಳ್ಸಲ್ಲ. ಆಗ ಎದ್ದು ಕೂತ್ಕಂತೀನಿ.”

ನನಗೆ ಇದು ಗೊತ್ತೇ ಇರಲಿಲ್ಲ. ಮೂರು ವರ್ಷ ನಾನು ಸುಖವಾಗಿ ಗೊರಕೆ ಹೊಡೆದಿದ್ದೆ.

“ಅವತ್ತು ಬೇಸಿನ್ನಲ್ಲಿ ರಕ್ತ ನೋಡಿದ್ನಲ್ಲ, ಆಗಿಂದ ಟಿಕ್ ಅನ್ನೋದು ಮೆತ್ತಗಾಗ್ತಾ ಐತೇನೋ ಅನ್ನಿಸ್ತು ಕಣ್ರೀ. ನೂಲು ತೆಳ್ಳಗಾಗಿ ಕಿತ್ತೋಗ್ತೈತಲ್ಲ, ಹಂಗೆ ಕಿತ್ತೋದ್ರೆ ನಾನೇನ್ ಮಾಡ್ಲಿ ಅಂತ.”

ನನ್ನ ಬಾಯಿ ತುಂಬ ಹತ್ತಿ. ಕಣ್ಣಲ್ಲಿ ನೀರು ಬಂತು. ಎದುರಿಗೆ ಕೂತಿದ್ದವನೊಬ್ಬ ಅದನ್ನು ಹಲ್ಲು ಕಿತ್ತ ನೋವೆಂದು ತಿಳಿದು ಬೆವರತೊಡಗಿದ. ನಾನು ಅವಳ ಕೈ ಹಿಡಿದುಕೊಂಡೆ. ಮಾವನವರ ಮನೆಯ ಶಿಸ್ತಿನಲ್ಲಿ ಬೆಳೆದ ನನ್ನ ಹೆಂಡತಿ ನಾಲ್ಕು ಜನರ ಮುಂದೆ ನನ್ನ ಪಕ್ಕ ಒತ್ತಿಕೊಂಡು ಕೂತವಳೇ ಅಲ್ಲ. ಅವಳು ಅತ್ತಿತ್ತ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ತಟ್ಟನೆ ಬಗ್ಗಿ ನನ್ನ ಎದೆಗೆ ಕಿವಿ ಇಟ್ಟಳು.

ಎದುರಿನವನು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹಲ್ಲು ಕೀಳಿಸದೆ ಇಳಿದು ಹೋದ.

ಅಷ್ಟರಲ್ಲಿ ತಿಪ್ಪೇಸ್ವಾಮಿ ಮಹಡಿ ಹತ್ತಿ ಬಂದ. ರಕ್ತ ಹರಿದರೆ ಇರಲಿ ಎಂದು ಮೊಳಕಾಲ್ಮೂರಿನಿಂದ ಟವೆಲ್ಲುಗಳ ದೊಡ್ಡ ಗಂಟು ಹೊತ್ತು ತಂದಿದ್ದ. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿರುವುದನ್ನೂ, ಅವನ ಅಕ್ಕ ನನ್ನ ಎದೆಯ ಮೇಲೆ ತಲೆ ಇಟ್ಟಿರುವುದನ್ನೂ ಕಂಡು ಗಂಟನ್ನು ಅಲ್ಲೇ ಬಿಟ್ಟು, “ಅಕ್ಕಾ! ಭಾವಾ!” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ.

ಗಿರಿಜಾ ತಲೆ ಎತ್ತಲಿಲ್ಲ. ಒಂದು ಕೈ ಮಾತ್ರ ಎತ್ತಿ ತಡೆದಳು.

“ಸುಮ್ನಿರೋ, ಕೇಳ್ತಾ ಇದೀನಿ.”